ನಾಲ್ಕನೆಯ ಹೆಸರು

ಬಲಗಾಲು, ಮತ್ತೆ ಅರೆಕ್ಷಣ ತಡ— ಪರದೆಯ ಮೇಲೆ ಅಮೆರಿಕನ್ ಫುಟ್‌ಬಾಲ್ ತಂಡದ ನಿನ್ನೆಯ ಅಭ್ಯಾಸ ಓಡುತ್ತಿತ್ತು, ಮರ್ಲ್ ಅದನ್ನು ಹಿಂದಕ್ಕೆಳೆದ, ಮತ್ತೆ ಬಿಟ್ಟ, ಐದು ಜನ ಬಾಗಿ ನಿಂತಿದ್ದಾರೆ, ಹಿಂದಿರುವ ಚೆಂಡೆಸೆಯುವವನಿಗೆ ಏಟು ಬೀಳದಂತೆ ಎದುರಾಳಿಗಳನ್ನು ಮೈಯಿಂದಲೇ ತಡೆಯುವ ಐದು ಜನ, ಗೆದ್ದ ದಿನ ಇವರ ಹೆಸರನ್ನು ಯಾರೂ ಹೇಳುವುದಿಲ್ಲ, ಇವರ ಕೋಚ್ ಮರ್ಲ್ ಹೇಳುತ್ತಾನೆ, ಪಶ್ಚಿಮ ವರ್ಜೀನಿಯಾದ ಈ ಪುಟ್ಟ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಅವನು ಮಾಡಿದ್ದು ಅದೇ. ಹತ್ತು ಗಂಟೆಗೆ ಪಟ್ಟಿ ಕೊಡಿ ಮರ್ಲ್, ಆಡಲು ಇಳಿಯುವ ಐದು ಹೆಸರು, ಒಬ್ಬೊಬ್ಬರಿಗೆ ಒಂದು ಸಾಲು, ಸೀಸನ್‌ಗೆ ಇನ್ನು ಎರಡೇ ವಾರ ಅಂದಿದ್ದ ಮುಖ್ಯ ಕೋಚ್ ಟ್ರಾಸ್ಕ್, ಮರ್ಲ್‌ಗಿಂತ ಇಪ್ಪತ್ತು ವರ್ಷ ಚಿಕ್ಕವನು. ಎಡತುದಿಗೆ ಟೇವಿಯನ್ ಮಾಂಕ್, ತೋಳು ಉದ್ದ, ಸಿಟ್ಟು ಮೂಗಿನ ತುದಿಯಲ್ಲಿ, ಪಕ್ಕದಲ್ಲಿ ಶಿಫ್ಲೆಟ್, ಹೊಲಿಸಿಕೊಂಡ ಮೊಣಕಾಲು ಅಕ್ಟೋಬರ್ ದಾಟಿದರೆ ಪುಣ್ಯ, ನಡುವೆ ಫೋಂಟ್, ಐದು ಜನರ ಪರವಾಗಿ ಯೋಚಿಸುವವನು ಅವನೊಬ್ಬನೇ, ಬಲತುದಿಗೆ ಟುಯಿಲೋಮ, ಬೆಟ್ಟದಂಥ ಹುಡುಗ, ಸಮೋವಾದಿಂದ ಅಮ್ಮನ ಫೋನ್ ಬಂದರೆ ಅಳುತ್ತಾನೆ— ಇನ್ನು ಫೋಂಟ್‌ಗೂ ಟುಯಿಲೋಮನಿಗೂ ನಡುವೆ, ನಾಲ್ಕನೆಯವನು, ಆ ತಡವಾಗುವ ಬಲಗಾಲಿನವನು, ಪೆನ್ನು ಕಾಗದದ ಮೇಲೆ ನಿಂತಿತು, ಶಾಯಿ ಚುಕ್ಕೆಯಾಯಿತು, ಚುಕ್ಕೆ ದೊಡ್ಡದಾಯಿತು.

ಅಂಗಿಯ ಮೇಲೆ ಅರವತ್ತೇಳು, ಅದು ಗೊತ್ತು, ಎಡ ಬೂಟಿನ ದಾರ ಎರಡು ಗಂಟು ಹಾಕುತ್ತಾನೆ, ಅದೂ ಗೊತ್ತು, ಅಜ್ಜಿ ಕಳಿಸಿದ ಸೇಬಿನ ಮುರಬ್ಬವನ್ನು ಮರ್ಲ್‌ನ ಮೇಜಿನ ಮೇಲಿಟ್ಟು ಮಾತಾಡದೆ ಹೋದವನು, ಹೆಸರು ಎಲ್ಲಿ, ಮೂರು ವರ್ಷ ದಿನಕ್ಕೆ ನೂರು ಸಲ ಕೂಗಿದ ಹೆಸರು. ಡ್ರಾಯರಿನಲ್ಲಿ ತಂಡದ ಪಟ್ಟಿ ಇದೆ, ತೆಗೆದರೆ ಮುಗಿಯಿತು, ಬೇಡ, ತೆಗೆದರೆ ನಿಜಕ್ಕೂ ಮುಗಿಯಿತು. ಹೋದ ವಾರ ನಾದಿನಿಯ ಹೆಸರು ಹೀಗೇ ಜಾರಿತ್ತು, ನಿಂಗೆ ನಿದ್ದೆ ಸಾಲ್ತಿಲ್ಲ ಅಂದಿದ್ದಳು ಹೆಂಡತಿ ರೊವೀನಾ, ತಟ್ಟೆ ಒರೆಸುತ್ತ ಬೆನ್ನು ತಿರುಗಿಸಿಕೊಂಡೇ ಡಾಕ್ಟರ್ ಹತ್ರ ಹೋಗೋಣ ಕಣೋ ಅಂದಿದ್ದಳು, ಸೀಸನ್ ಮುಗೀಲಿ ಅಂದಿದ್ದ. ಹುಡುಗನಾಗಿದ್ದಾಗ ಮರ್ಲ್ ಕೂಡ ಇದೇ ಜಾಗದಲ್ಲಿ ಆಡಿದವನಲ್ಲವೇ, ತಲೆಗೆ ತಲೆ ಬಡಿದು ಆಕಾಶ ಬೆಳ್ಳಗಾದಾಗ ಆಗಿನ ಕೋಚ್ ಮುಖದ ಮುಂದೆ ಬೆರಳು ಹಿಡಿಯುತ್ತಿದ್ದ, ಎಷ್ಟೋ, ಎರಡು, ಸರಿ ನಡಿ ಒಳಗೆ, ಎಷ್ಟು ಸಲ, ಯಾರು ಲೆಕ್ಕ ಇಟ್ಟರು. ಮೈದಾನಕ್ಕೆ ಹೋದರೆ ಯಾರಾದರೂ ಅವನನ್ನು ಕೂಗುತ್ತಾರೆ, ಕೇಳಿಸಿಕೊಂಡರಾಯಿತು, ಮರ್ಲ್ ಎದ್ದ.

ಬಿಸಿಲು ಆಗಲೇ ಬೆನ್ನು ಸುಡುತ್ತಿದೆ, ಹುಡುಗರು ನೀರಿನ ಡ್ರಮ್ಮಿನ ಸುತ್ತ, ಏಯ್ ಬಿಸ್ಕಿಟ್, ಡ್ರಮ್ಮೇ ಕುಡ್ದುಬಿಡ್ತೀಯೇನೋ, ನಮಗೂ ಬಿಡೋ ಅಂತ ಟೇವಿಯನ್, ಬಿಸ್ಕಿಟ್ ಪಕ್ಕಕ್ಕೆ ಸರಿಯೋ ಅಂತ ಶಿಫ್ಲೆಟ್, ಆ ಅರವತ್ತೇಳರವನಿಗೆ ಎಲ್ಲರ ಬಾಯಲ್ಲೂ ಬಿಸ್ಕಿಟ್, ಮೊದಲ ದಿನ ಹನ್ನೊಂದು ತಿಂದಿದ್ದನಲ್ಲ, ಅಂದೇ ಅಂಟಿದ ಹೆಸರು, ಅಂದೇ ಸಂಜೆ ಆಫೀಸಿನ ಬಾಗಿಲಲ್ಲಿ ಬಂದು ನಿಂತಿದ್ದ, ಕೋಚ್, ಅವ್ರು ಏನಾದ್ರೂ ಕರ್ಕೊಳ್ಲಿ, ನೀವು ಮಾತ್ರ ನನ್ ಹೆಸರು ಹಿಡ್ದು ಕರೀರಿ, ಅದು ನಮ್ಮಪ್ಪಂದು, ಗಣೀಲಿ ಹೋದ್ರು, ಮನೇಲೂ ಈಗ ಆ ಹೆಸ್ರು ಯಾರೂ ಎತ್ತಲ್ಲ, ಅಜ್ಜಿ ಅಳ್ತಾಳೆ. ಕರೀತೀನಿ ಮಗನೇ ಅಂದಿದ್ದ ಮರ್ಲ್. ಈಗ ಹುಡುಗ ಹತ್ತು ಹೆಜ್ಜೆ ದೂರದಲ್ಲಿ, ಏನಾದರೂ ಕರೆಯಬೇಕು, ಬಾಯಿ ತೆರೆದಾಗಿದೆ, ಎಲ್ಲರೂ ನೋಡುತ್ತಿದ್ದಾರೆ, ಬಿಸ್ಕಿಟ್, ಬಾ ಇಲ್ಲಿ.

ಬಂದ. ಶಿರಸ್ತ್ರಾಣ ಕೈಯಲ್ಲಿ, ಕೂದಲಿಂದ ನೀರಿಳಿಯುತ್ತಿದೆ, ಕಾಲಿನ ವಿಷಯನಾ ಕೋಚ್, ನಂಗೊತ್ತು, ಸರಿಮಾಡ್ಕೋತೀನಿ, ಪಟ್ಟೀಲಿ ಇದೀನಲ್ವಾ, ಅಷ್ಟರಲ್ಲಿ ಅವನ ಕಣ್ಣು ಮರ್ಲ್‌ನ ಕೈಯಲ್ಲಿದ್ದ ಕಾಗದಕ್ಕೆ ಬಿತ್ತು, ನಾಲ್ಕು ಹೆಸರು, ಒಂದು ಶಾಯಿಚುಕ್ಕೆ, ನಿಧಾನವಾಗಿ ಮರ್ಲ್‌ನ ಮುಖಕ್ಕೆ ಬಂತು. ಸುತ್ತ ಯಾರಿಗೂ ಕೇಳದಷ್ಟು ಮೆಲ್ಲಗೆ, ಆರ್ವಿಲ್, ಕೋಚ್. ಆರ್ವಿಲ್ ಮಲ್ಲಿನ್ಸ್. ಮಲ್ಲಿನ್ಸ್‌ಗೆ ಎರಡು ಎಲ್.

ಮರ್ಲ್ ಅಲ್ಲೇ ಬರೆದ, ಆರ್ವಿಲ್ ಮಲ್ಲಿನ್ಸ್, ಬಲಗಾಲು ತಡ, ಸರಿಹೋಗುತ್ತದೆ, ಸರಿಮಾಡಿಸಲು ಬೇರೆ ಕೋಚ್ ನೋಡಿ. ಹತ್ತು ಗಂಟೆಗೆ ಆಫೀಸಿನಲ್ಲಿ ಪಟ್ಟಿ ಓದಿ ಏನ್ ಮರ್ಲ್ ಇದು, ತಮಾಷೆನಾ ಅಂದ ಟ್ರಾಸ್ಕ್, ಮರ್ಲ್ ಹೇಳಿದ, ನಾದಿನಿಯ ಹೆಸರಿನಿಂದ ಹಿಡಿದು ಎಲ್ಲ ಹೇಳಿದ, ಟ್ರಾಸ್ಕ್ ಎದ್ದುಹೋಗಿ ಬಾಗಿಲು ಮುಚ್ಚಿ ಬಂದು ಕೂತ. ಈಗ ಕಾರಿನಲ್ಲಿ, ರೊವೀನಾಗೆ ಫೋನ್ ಮಾಡಬೇಕು, ಇವತ್ತೇ ಹೋಗೋಣ ಅನ್ನಬೇಕು, ಐದು ಸಾಲೂ ಚೆನ್ನಾಗಿವೆ, ತಂಡ ಆರು ಪಂದ್ಯ ಗೆದ್ದೀತು, ಟುಯಿಲೋಮ ಬಲತುದಿ, ಅವನ ಪಕ್ಕ, ಅವನ ಪಕ್ಕ— ಹೆಸರಲ್ಲ, ಬರುತ್ತಿರುವುದು ಮುಖ, ಬಿಸ್ಕಿಟ್ ಅಂದ ಕ್ಷಣದ ಮುಖ, ಓಗೊಡಲು ಅರ್ಧ ತೆರೆದ ಬಾಯಿ ಹಾಗೇ ನಿಂತ ಮುಖ, ಹಲ್ಲಿನ ಮೇಲೊಂದು ಹುಲ್ಲಿನ ಎಸಳು, ಅರ್ಧ ತೆರೆದ ಬಾಯಿ, ಹುಲ್ಲಿನ ಎಸಳು, ಅರ್ಧ ತೆರೆದ