ಹನ್ನೊಂದು ದಿನದ ಪುಟ್ಟಿ

"ಕಾಲರ್ ಮೊದ್ಲು, ಆಮೇಲೆ ತೋಳು. ಬೆನ್ನು ಕೊನೇಗೆ," ಎಂದಳು ಪಕ್ಕದ ಮನೆಯ ದರ್ಜಿ. "ಅವಳು ಹಾಗೇ ಮಾಡ್ತಿದ್ದದ್ದು."

ಹುಡುಗಿ ಬೂದು ಬಣ್ಣದ ಉಡುಪನ್ನು ಮಗುಚಿ ಹಾಕಿ, ಕಾಲರಿಗೆ ನೀರು ಚಿಮುಕಿಸಿ, ಇಸ್ತ್ರಿ ಪೆಟ್ಟಿಗೆಯನ್ನು ಒತ್ತಿದಳು. ಮೂವತ್ತು ವರ್ಷ ಇಡೀ ಬೀದಿಯ ಬಟ್ಟೆಗೆ ಗೆರೆ ಮೂಡಿಸಿದ ಇಸ್ತ್ರಿಯಕ್ಕ ಸುಕ್ಕುಬಟ್ಟೆಯಲ್ಲಿ ಹೋಗಕೂಡದೆಂದು ದರ್ಜಿಯ ಹಟ. ಇಸ್ತ್ರಿಯಕ್ಕ ಒಳಕೋಣೆಯಲ್ಲಿ, ಕತ್ತಿನವರೆಗೆ ಬಿಳಿ ಹೊದಿಕೆ ಹೊದ್ದು ಮಲಗಿದ್ದಳು. ಗಂಟೆ ಒಂಬತ್ತೂಕಾಲು. ಹನ್ನೊಂದಕ್ಕೆ ಸ್ಮಶಾನದ ಗಾಡಿ ಬರುವುದಿತ್ತು.

"ಬೆನ್ನು ಯಾರಿಗೂ ಕಾಣುವುದಿಲ್ಲವಲ್ಲ, ಅಕ್ಕ," ಎಂದಳು ಹುಡುಗಿ. ಏಳು ತಿಂಗಳ ಪಾಠದಲ್ಲಿ ಕಲಿತ ಭಾಷೆ. ಪ್ರತಿ ಪದವೂ ಪುಸ್ತಕದಿಂದ ಎದ್ದು ಬಂದಂತಿತ್ತು.

"ಕಾಣಲ್ಲ. ಆದ್ರೂ ಮಾಡು. ಇಲ್ದಿದ್ರೆ ಎದ್ದು ಬಂದು ಬಯ್ದಾಳು." ದರ್ಜಿ ನಕ್ಕಳು, ನಕ್ಕದ್ದು ತಿಳಿದೊಡನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ದನಿ ತಗ್ಗಿಸಿದಳು. "ನೋಡು, ನಿನಗೊಂದು ಮಾತು ಹೇಳ್ಬೇಕು. ಅವಳ ಅಕ್ಕ ಬರ್ತಿದ್ದಾರೆ. ಕಣ್ಣು ಕಾಣ್ಸಲ್ಲ ಅವ್ರಿಗೆ. ಒಂಬತ್ತು ವರ್ಷದಿಂದ ಇವಳು ತಿಂಗಳು ತಿಂಗಳೂ ಕಾಗ್ದ ಬರ್ದಿದ್ದಾಳೆ. ಪುಟ್ಟಿಗೆ ಶೀತ ಆಗಿದೆ, ಪುಟ್ಟಿ ಲೋಟ ಒಡೆದ್ಲು, ಪುಟ್ಟಿ ನನ್ ಹುಟ್ಟಿದಬ್ಬಕ್ಕೆ ಹಾಡು ಹೇಳಿದ್ಲು ಅಂತ."

"ಯಾವ ಪುಟ್ಟಿ?"

"ಅದೇ ನಾನು ಹೇಳ್ತಿರೋದು. ಅವ್ರ ಲೆಕ್ಕದಲ್ಲಿ ಪುಟ್ಟಿ ಒಬ್ಬಳೇ, ಇವಳ ಸಾಕುಮಗಳು. ಅದು ನೀನೇ. ಇವತ್ತೊಂದಿನ ಸುಮ್ನೆ ಹೂಂ ಅನ್ನು, ನಿನ್ ಗಂಟೇನೂ ಹೋಗಲ್ಲ."

ಹುಡುಗಿ ಪೆಟ್ಟಿಗೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಳು. ಅವಳು ಮಿಷನರಿ, ಸುಳ್ಳು ಹೇಳಬಾರದೆಂದು ಮನೆಮನೆಯ ಬಾಗಿಲು ತಟ್ಟಿ ಹೇಳಲು ಬಂದವಳು.

*

ಮಿಷನರಿಗಳಿಗೆ ಒಂದು ಕಟ್ಟಳೆಯಿತ್ತು. ಇಬ್ಬಿಬ್ಬರಾಗಿ ಇರಬೇಕು, ಕೇಂದ್ರದಿಂದ ಚೀಟಿ ಬಂದ ಮರುದಿನವೇ ಗಂಟುಮೂಟೆ ಕಟ್ಟಿ ಬೇರೆ ಊರಿಗೆ ಹೊರಡಬೇಕು. ಇಸ್ತ್ರಿಯಕ್ಕನ ಮಹಡಿಯ ಕೋಣೆಗೆ ಹೀಗೆ ಒಂಬತ್ತು ವರ್ಷಗಳಲ್ಲಿ ಹತ್ತೊಂಬತ್ತು ಹುಡುಗಿಯರು ಬಂದಿದ್ದರು, ಈಗಿನ ಹಿರಿಯ ಜೊತೆಗಾರ್ತಿಯೊಬ್ಬಳನ್ನು ಬಿಟ್ಟು ಎಲ್ಲರೂ ಹೋಗಿದ್ದರು. ಇಬ್ಬರಲ್ಲಿ ಹೊಸದಾಗಿ ಬಂದವಳು ಯಾರೇ ಆಗಲಿ, ಇಸ್ತ್ರಿಯಕ್ಕನಿಗೆ ಅವಳು ಪುಟ್ಟಿ.

ಇವಳು ಇಪ್ಪತ್ತನೆಯವಳು. ಹನ್ನೊಂದು ದಿನಗಳ ಹಿಂದೆ, ಎರಡು ರೈಲು, ಒಂದು ಬಸ್ಸು ಬದಲಿಸಿ ಬಂದು ಬಾಗಿಲು ತಟ್ಟಿದಾಗ ಇಸ್ತ್ರಿಯಕ್ಕ ಎದುರಿಗೆ ನಿಂತು, ಮೂಲೆಯಂಗಡಿಗೆ ಹೋಗಿದ್ದ ಮಗಳು ಮರಳಿ ಬಂದಳೆಂಬಂತೆ, "ಬಂದ್ಯಾ ಪುಟ್ಟಿ? ಕಾಲು ಒರೆಸ್ಕೊಂಡು ಬಾ," ಎಂದಿದ್ದಳು. ಮಂಚದ ಮೇಲಿನ ಹಾಸಿಗೆಬಟ್ಟೆ ಇಸ್ತ್ರಿಯ ಬಿಸಿಯಿಂದ ಇನ್ನೂ ಬೆಚ್ಚಗಿತ್ತು. ಹುಡುಗಿಗೆ ಆ ಬಿಸುಪೂ ಸೇರಲಿಲ್ಲ. ಇಷ್ಟು ದೂರ ಬಂದಮೇಲೆ ತನ್ನದೆಂದು ಉಳಿದಿದ್ದದ್ದು ಹೆಸರೊಂದೇ. ಮೂರನೆಯ ದಿನ ವಾಕ್ಯವನ್ನು ಕಾಗದದ ಮೇಲೆ ಬರೆದು, ತಿದ್ದಿ, ಬಾಯಿಪಾಠ ಮಾಡಿ ಕೆಳಗಿಳಿದಳು.

"ನನಗೆ ಒಂದು ಹೆಸರಿದೆ. ದಯವಿಟ್ಟು ನನ್ನನ್ನು ಪುಟ್ಟಿ ಎಂದು ಕರೆಯಬೇಡಿ."

ಇಸ್ತ್ರಿ ಪೆಟ್ಟಿಗೆ ಅಂಗಿಯ ತೋಳಿನ ನಡುವೆಯೇ ನಿಂತಿತು.

"ಆಯ್ತು," ಎಂದಳು ಇಸ್ತ್ರಿಯಕ್ಕ. "ನಿನ್ ಹೆಸರು ನನ್ ನಾಲ್ಗೇಲಿ ಹೊರಳಲ್ಲ ಕಣೆ. ಸ್ವಲ್ಪ ದಿನ ಕೊಡು, ಕಲೀತೀನಿ."

ಅಂದಿನಿಂದ ಅವಳು ಏನೆಂದೂ ಕರೆಯಲಿಲ್ಲ. ಊಟಕ್ಕೆ ಏಳಿಸಬೇಕಾದರೆ ಮೆಟ್ಟಿಲಿನ ಕಟಕಟೆಯನ್ನು ಎರಡು ಬಾರಿ ತಟ್ಟುತ್ತಿದ್ದಳು. ಆದರೆ ಮಧ್ಯಾಹ್ನದ ಹೊತ್ತು, ಪೆಟ್ಟಿಗೆಯ ಸದ್ದಿನ ನಡುವೆ, ತನ್ನ ಹೆಸರನ್ನು ಯಾರೋ ತುಂಡುತುಂಡಾಗಿ ಉರುಹೊಡೆಯುವುದು ಹುಡುಗಿಗೆ ಮಹಡಿಯಲ್ಲಿ ಕೇಳಿಸುತ್ತಿತ್ತು. ಮೊದಲ ಎರಡು ಅಕ್ಷರ ಸರಿಯಾಗುತ್ತಿದ್ದವು, ಮೂರನೆಯದು ಜಾರುತ್ತಿತ್ತು, ಮತ್ತೆ ಮೊದಲಿನಿಂದ. ಇಳಿದು ಹೋಗಿ ಹೇಳಿಕೊಡಬಹುದಿತ್ತು. ಹೋಗಲಿಲ್ಲ. ಒಂಬತ್ತನೆಯ ದಿನ ಹುಡುಗಿಯರಿಬ್ಬರೂ ಬೀದಿ ಸುತ್ತಲು ಹೋಗಿದ್ದಾಗ, ಇಸ್ತ್ರಿಯ ಮೇಜಿನ ಪಕ್ಕದಲ್ಲಿ ಕುಸಿದು ಬಿದ್ದಿದ್ದ ಇಸ್ತ್ರಿಯಕ್ಕನನ್ನು ದರ್ಜಿ ಕಂಡಳು.

*

ಹತ್ತು ಗಂಟೆಗೆ ಹಿರಿಯ ಜೊತೆಗಾರ್ತಿ ನಿಲ್ದಾಣದಿಂದ ಇಸ್ತ್ರಿಯಕ್ಕನ ಅಕ್ಕ ದೊಡ್ಡಕ್ಕನನ್ನು ಕೈಹಿಡಿದು ಕರೆತಂದಳು. ದೊಡ್ಡಕ್ಕ ಯಾರನ್ನೂ ಕೇಳದೆ ನೇರ ತಂಗಿಯ ತಲೆಯ ಬಳಿ ಕುಳಿತು, ಹಣೆಯಿಂದ ಗಲ್ಲಕ್ಕೆ, ಗಲ್ಲದಿಂದ ಕಾಲರಿಗೆ ಬೆರಳಾಡಿಸಿದಳು.

"ಯಾರು ಇಸ್ತ್ರಿ ಮಾಡಿದ್ದು?"

"ಪುಟ್ಟಿ," ಎಂದುಬಿಟ್ಟಳು ದರ್ಜಿ.

"ಪರವಾಗಿಲ್ಲ, ಕಲ್ಸಿದ್ದಾಳೆ." ದೊಡ್ಡಕ್ಕ ದನಿ ಬಂದತ್ತ ತಿರುಗಿದಳು. "ಎಲ್ಲಿದ್ದೀಯಮ್ಮ? ಹತ್ರ ಬಾ. ಕೊನೇ ಕಾಗ್ದದಲ್ಲಿ ನಿನ್ ಸುದ್ದೀನೇ ಇರ್ಲಿಲ್ಲ. ನಮ್ ಓಣಿ ಹುಡುಗನ ಹತ್ರ ಎರಡ್ ಸಲ ಓದಿಸ್ದೆ, ಎಲ್ಲಾದ್ರೂ ಹಾರಿಸ್ಬಿಟ್ನಾ ಅಂತ. ಏನ್ ಜಗಳ ಆಡಿದ್ರಿ ಇಬ್ರೂ?"

ದರ್ಜಿ ಹುಡುಗಿಯ ತೋಳು ಚಿವುಟಿದಳು.

"ಜಗಳವಲ್ಲ," ಎಂದಳು ಹುಡುಗಿ. ಅದು ನಿಜ. ಆದರೆ ಅರ್ಧ ಮಾತ್ರ.

"ಹೋಗ್ಲಿ ಬಿಡು. ನಾನೂ ಅವಳ ಜೊತೆ ಒಂದ್ ವರ್ಷ ಮಾತು ಬಿಟ್ಟಿದ್ದೆ, ಒಂದ್ ಕೊಡೆಗೋಸ್ಕರ!" ದೊಡ್ಡಕ್ಕ ನಗಲು ಹೋಗಿ ಅತ್ತಳು. ಅಷ್ಟರಲ್ಲಿ ಗಾಡಿ ಬಂತು.

*

ಸ್ಮಶಾನದಲ್ಲಿ ಇದ್ದವರು ಹದಿನಾಲ್ಕು ಜನ. ಪ್ರಾರ್ಥನೆ ಮುಗಿಯಿತು. ಗುಂಡಿ ತೋಡಿದವನು ಸಲಿಕೆಗೆ ಒರಗಿ ದೂರ ನಿಂತ. ದೊಡ್ಡಕ್ಕ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು, ತಾನು ಹಾಕಲಿಲ್ಲ.

"ಪುಟ್ಟೀ, ಕೈಯೊಡ್ಡು. ಮೊದಲ್ನೇ ಹಿಡಿ ಮಗಳದ್ದು."

ಹುಡುಗಿ ಕೈಯೊಡ್ಡಿದಳು. ದೊಡ್ಡಕ್ಕ ಮಣ್ಣು ಹಾಕುವ ಮೊದಲು ಆ ಮುಂಗೈಯನ್ನು ಹಿಡಿದಳು.

"ಇದೇ ಕೈ ಅಲ್ವಾ? ಕುದಿಯೋ ನೀರು ಚೆಲ್ಕೊಂಡಿದ್ದು? ಚರ್ಮ ಎದ್ದು ಬಂದಿತ್ತಂತೆ. ನಾಲ್ಕು ಪುಟ ಅದನ್ನೇ ಬರ್ದಿದ್ಲು. ಮಾಯ್ತೇನಮ್ಮ?"

ಮಾಯ್ತು ಎಂದರೆ ಸಾಕಿತ್ತು. ದರ್ಜಿ ಕಣ್ಣಲ್ಲೇ ಬೇಡುತ್ತಿದ್ದಳು. ಹುಡುಗಿ ಒಮ್ಮೆ ಗುಂಡಿಯತ್ತ ನೋಡಿದಳು.

"ಅದು ನಾನಲ್ಲ, ಅಮ್ಮ," ಎಂದಳು. "ನಾನು ಬಂದು ಹನ್ನೊಂದು ದಿನ ಆಯಿತು. ನನಗಿಂತ ಮೊದಲು ಹತ್ತೊಂಬತ್ತು ಜನ ಇದ್ದರು. ನಿಮ್ಮ ತಂಗಿ ಎಲ್ಲರನ್ನೂ ಪುಟ್ಟಿ ಎಂದರು. ನನ್ನನ್ನು ಹಾಗೆ ಕರೆಯಬೇಡಿ ಎಂದು ನಾನು ಹೇಳಿದೆ. ಅದಕ್ಕೇ ಕಾಗದದಲ್ಲಿ ಇರಲಿಲ್ಲ."

ದೊಡ್ಡಕ್ಕನ ಮುಷ್ಟಿಯ ಸಂದಿನಿಂದ ಮಣ್ಣು ಸಣ್ಣಗೆ ಸೋರತೊಡಗಿತು.

"ಹತ್ತೊಂಬತ್ತು ಜನಾನಾ?"

"ಹೌದು."

"ಅಷ್ಟೂ ಜನ ಹೋದ್ರಾ?"

"ಒಬ್ಬರು ಇಲ್ಲಿದ್ದಾರೆ. ಉಳಿದವರು ಹೋದರು, ಅಮ್ಮ."

"ಒಬ್ಳಾದ್ರೂ ಅವಳಿಗೆ ಕಾಗ್ದ ಬರೀತಿದ್ಲಾ?"

ಹುಡುಗಿ ಜೊತೆಗಾರ್ತಿಯತ್ತ ನೋಡಿದಳು. ಜೊತೆಗಾರ್ತಿ ನೆಲ ನೋಡಿದಳು. ದರ್ಜಿ ಮುಖ ತಿರುಗಿಸಿಕೊಂಡಳು.

ದೊಡ್ಡಕ್ಕ ಹುಡುಗಿಯ ಕೈ ಬಿಡಲಿಲ್ಲ. ಅವಳ ಹೆಬ್ಬೆರಳು ಮಣಿಕಟ್ಟಿನಿಂದ ಬೆರಳಿನ ಬುಡದವರೆಗೆ, ಗಾಯವಿಲ್ಲದ, ಕಲೆಯಿಲ್ಲದ ನುಣುಪು ಚರ್ಮದ ಮೇಲೆ ಒಮ್ಮೆ ಹೋಗಿ ಬಂತು. ಇನ್ನೊಮ್ಮೆ, ಇನ್ನೂ ಮೆಲ್ಲಗೆ. ಆಮೇಲೆ ಆ ಕೈಯನ್ನು ತನ್ನ ಬಾಯಿಯ ಹತ್ತಿರಕ್ಕೆ ಎತ್ತಿಕೊಂಡು, ಈಗಷ್ಟೇ ಸುಟ್ಟುಕೊಂಡ ಮಗುವಿಗೆ ಊದುವಂತೆ, ತುಟಿ ಚೂಪು ಮಾಡಿ ಊದತೊಡಗಿದಳು.