ಕಮಲಾಕ್ಷಮ್ಮ ಮನೆಯಲ್ಲುಳಿದ ದಿನ

ಊರಿನ ಆರೋಗ್ಯ ಕೇಂದ್ರದಲ್ಲಿ ಹೆಂಗಸರಿಗೆ ಗರ್ಭಕಂಠದ ತಪಾಸಣೆ ಇತ್ತು. ಕೊರವಂಗಲದ ಕಮಲಾಕ್ಷಮ್ಮನೂ ಅವಳ ಓರಗಿತ್ತಿ ಸ್ನೇಹಲತಾಳೂ ಒಟ್ಟಿಗೆ ಹೊರಟಿದ್ದರು. ಸೀರೆ ಉಟ್ಟು ಹೊರಗೆ ಬಂದರೆ ಕೊಟ್ಟಿಗೆಯಲ್ಲಿ ಹಸು ಕರು ಹಾಕಲು ತಿಣುಕುತ್ತಿತ್ತು. ಗಂಡಸರಿಬ್ಬರೂ ಆಲೂಗೆಡ್ಡೆ ಹೇರಿಕೊಂಡು ಹಾಸನಕ್ಕೆ ಹೋಗಿದ್ದರು.

"ನೀನು ಓಗ್ಬುಟ್ಟು ಬಾರೆ. ನಾನು ಮುಂದ್ಲ ಸತಿ ಓಯ್ತೀನಿ" ಎಂದಳು ಕಮಲಾಕ್ಷಮ್ಮ.

ಆ ತಪಾಸಣೆಯಲ್ಲಿ ಸ್ನೇಹಲತಾಳಿಗೆ ಸಣ್ಣ ದೋಷ ಕಂಡಿತು. ಹಾಸನದ ಆಸ್ಪತ್ರೆಯಲ್ಲಿ ಅಷ್ಟು ಭಾಗವನ್ನು ಸುಟ್ಟು, ಸಂಜೆಗೇ ಮನೆಗೆ ಕಳುಹಿಸಿದರು. "ಕ್ಯಾನ್ಸರ್ ಆಗೋಕೆ ಮುಂಚೆನೇ ಸಿಕ್ತು" ಎಂದರು ಡಾಕ್ಟರು. ಅಂದಿನಿಂದ ಅವಳು, ನೀನೂ ತೋರಿಸಿಕೋ ಎಂದು, ತಾನು ಅಕ್ಕ ಎಂದೇ ಕರೆಯುವ ಓರಗಿತ್ತಿಯ ಬೆನ್ನು ಬಿಡಲಿಲ್ಲ. ಕಮಲಾಕ್ಷಮ್ಮ ನಕ್ಕುಬಿಡುತ್ತಿದ್ದಳು.

"ನಂಗೇನಾಗದೆ? ಗುಂಡ್ಕಲ್ಲಿದ್ದಂಗಿವ್ನಿ ಕಣೆ."

ತಿಂಗಳ ನಡುವೆಯೂ ರಕ್ತ ಹೋಗುತ್ತಿದ್ದುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಎರಡು ವರ್ಷದ ಮೇಲೆ ಬಟ್ಟೆ ಒಗೆಯುವಾಗ ಸ್ನೇಹಲತಾಳೇ ಕಲೆ ಕಂಡು, ಕೈ ಹಿಡಿದು ಎಳೆದುಕೊಂಡು ಹೋದಳು. ರೋಗ ಆಗಲೇ ಹರಡಿತ್ತು.

"ಇದು ಎಚ್‌ಪಿವಿ ಅನ್ನೋ ವೈರಸ್‌ನಿಂದ ಬರೋದಮ್ಮ" ಎಂದರು ಡಾಕ್ಟರು. "ಒಳಗೆ ಸೇರಿ ವರ್ಷಗಟ್ಟಲೆ ಸುಮ್ಮನಿರುತ್ತೆ. ಹೆಣ್ಣುಮಕ್ಕಳಿಗೆ ಚಿಕ್ಕವಯಸ್ಸಲ್ಲೇ ಲಸಿಕೆ ಹಾಕಿದ ದೇಶಗಳಲ್ಲಿ ಈ ಕ್ಯಾನ್ಸರ್ ಇಳೀತಾ ಬಂದಿದೆ. ನಮ್ಮಲ್ಲಿ ಇನ್ನೂ ಹೀಗೆ ತಡವಾಗಿ ಬರ್ತಾನೇ ಇದ್ದಾರೆ."

ಕಮಲಾಕ್ಷಮ್ಮ ತನ್ನ ಬಗ್ಗೆ ಏನೂ ಕೇಳಲಿಲ್ಲ. "ನನ್ ಮಗೀಗೆ ಅದ್ನಾಕುಸ್ಬೌದಾ ಸಾ? ಏಳ್ನೇ ಕ್ಲಾಸು" ಎಂದಳು.

ರೇಡಿಯೇಷನ್ ಕೊಟ್ಟರು. ಹಿಡಿತಕ್ಕೆ ಬರಲಿಲ್ಲ. ಕೊನೆಕೊನೆಗೆ ಅನ್ನ ಸೇರದಾದಾಗ ಗಂಜಿ ಕುಡಿಸುತ್ತಿದ್ದವಳು ಸ್ನೇಹಲತಾ. ಒಂದು ಬೆಳಿಗ್ಗೆ ಅವಳು ಗಂಜಿ ಆರಿಸಿ ತರುವಷ್ಟರಲ್ಲಿ ಅಕ್ಕನ ಉಸಿರು ನಿಂತಿತ್ತು.

ತಿಥಿ ಮುಗಿದ ಮೇಲೆ ಅವಳು ಅಕ್ಕನ ಮಗಳು ಸೌಜನ್ಯಳನ್ನು ಹಾಸನಕ್ಕೆ ಕರೆದೊಯ್ದು ಲಸಿಕೆ ಹಾಕಿಸಿದಳು. ಆಮೇಲೆ ಇಬ್ಬರೂ ಕೈಕೈ ಹಿಡಿದು ಹೊರಗಿನ ಬೆಂಚಿನ ಮೇಲೆ ಕೂತರು.

"ಚಿಕ್ಕಮ್ಮ, ಅಮ್ಮಂಗೆ ಮೊದ್ಲೇ ಗೊತ್ತಾಗಿದ್ರೆ ಉಳ್ಕತಿದ್ಲಾ?"

"ಉಳ್ಕತಿದ್ಲು ಕಣವ್ವ."

"ನಿಂಗೆಂಗೆ ಗೊತ್ತು?"

ಮಗುವಿನ ಮುಂದೆ ಸುಳ್ಳಾಡಲು ಅವಳಿಗೆ ಬಾಯಿ ಬರಲಿಲ್ಲ. "ನಾನು ಪರೀಕ್ಷೆಗೆ ಓಗಿದ್ದೆ. ನಂಗೆ ಮೊದ್ಲೇ ಸಿಕ್ತು, ವಾಸಿ ಮಾಡುದ್ರು. ಅವತ್ತು ನಿಮ್ಮಮ್ಮ ನನ್ನ ಕಳ್ಸಿ, ತಾನು ಮನೇಲುಳ್ಕಂಡ್ಲು."

ಸೌಜನ್ಯ ಕೈ ಬಿಡಿಸಿಕೊಂಡಳು. ಬಸ್ಸಿನಲ್ಲಿ ಮುಂದಿನ ಸೀಟಿಗೆ ಹೋಗಿ ಕಿಟಕಿಯತ್ತ ತಿರುಗಿ ಕೂತಳು. ಸ್ನೇಹಲತಾ ಅವಳ ಹಿಂದಿನ ಸೀಟಿನಲ್ಲಿ ಕೂತಳು. ಹುಡುಗಿಯ ಹೆಗಲು ಬಿಕ್ಕಿಬಿಕ್ಕಿ ಅಲುಗುವುದನ್ನು ಊರು ಬರುವವರೆಗೂ ಹಿಂದಿನಿಂದ ನೋಡುತ್ತಿದ್ದಳು.