ಅರ್ಧ ಮಾತ್ರೆ

ಶವ ಸಾಗಿಸುವ ವ್ಯಾನಿನ ಹಿಂಬಾಗಿಲ ಚಿಲಕ ಸಿಕ್ಕಿಕೊಂಡಿತ್ತು. ಬೀಗ ರಿಪೇರಿಯ ಮುದುಕ ಸತ್ತ ಹೆಂಡತಿಯ ಪಕ್ಕದಿಂದ ಎದ್ದು ಬಂದು, ಸ್ಕ್ರೂಡ್ರೈವರ್ ಹಿಡಿದು ಅದರ ಮುಂದೆ ಕೂತಿದ್ದ.

"ಅಕ್ಕನ ಮಾತಿನ್ನೂ ಮುಗಿದಿಲ್ಲ ಭಾವ, ಅದಕ್ಕೇ ಬಾಗಿಲು ತೆಗೀತಿಲ್ಲ," ಎಂದ ಅವಳ ತಮ್ಮ. ನಕ್ಕವರು ಹಾಗೆಯೇ ಕಣ್ಣೊರೆಸಿಕೊಂಡರು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಅವಳನ್ನು ಬೀದಿಯೆಲ್ಲ ಮಾತಿನಮಲ್ಲಿ ಎಂದೇ ಕರೆಯುತ್ತಿತ್ತು.

ಕ್ಲಿನಿಕ್ಕಿನ ಡಾಕ್ಟರಮ್ಮ ಬಂದು ಮುದುಕನ ಬಳಿ ನಿಂತರು.

*

ಡಾಕ್ಟರಮ್ಮನ ಎದುರೂ ಅವಳ ಬಾಯಿಗೆ ಬಿಡುವಿರುತ್ತಿರಲಿಲ್ಲ. "ಬಿಪಿ ಮಾತ್ರೆ ನುಂಗಿ ಇಸ್ತ್ರಿಪೆಟ್ಟಿಗೆ ಎತ್ತಿದ್ರೆ ನೆಲಾನೇ ತಿರುಗುತ್ತೆ ಡಾಕ್ಟರಮ್ಮ," ಎಂದು ಹೋದಾಗಲೆಲ್ಲ ಹೇಳುವಳು. ಅವರು ಅದನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವರು. ಒಮ್ಮೆ ಕೇಳಿದರು: ಹೆಸರು, ವಿಳಾಸ ತೆಗೆದು ಈ ವಿವರವನ್ನೆಲ್ಲ ಸಂಶೋಧನೆಗೆ ಕೊಡಬಹುದೇ?

"ಬೇಡ," ಎಂದ ಗಂಡ. "ಮನೆ ವಿಷಯ ಬೀದಿಗೆ ಹಾಕೋದಾ?"

"ನನ್ನ ಹೆಸರೇ ಇರಲ್ವಂತಲ್ರೀ. ನನ್ನ ತಲೆ ಸುತ್ತೋದು ನಾಲ್ಕು ಜನಕ್ಕೆ ಗೊತ್ತಾದ್ರೆ ನಿಮ್ಮ ಗಂಟೇನು ಹೋಗುತ್ತೆ?"

ಒಪ್ಪಿಗೆ ಕೊಟ್ಟೇಬಿಟ್ಟಳು. ಅವನು ಮನೆಯವರೆಗೂ ಮುಖ ಊದಿಸಿಕೊಂಡು ನಡೆದಿದ್ದ.

*

"ಮಗಳಿಗೂ ಅದೇ ಮಾತ್ರೆ ಕೊಟ್ಟಿದೀರ. ಅವಳಿಗ್ಯಾಕೆ ಅರ್ಧ?" ಮುದುಕ ಚಿಲಕದಿಂದ ಕಣ್ಣೆತ್ತದೆ ಕೇಳಿದ.

"ಈಗ ಎಲ್ಲರಿಗೂ ಅರ್ಧದಿಂದಲೇ ಶುರು ಮಾಡ್ತೀವಿ. ಸಾವಿರಾರು ಜನರ ವಿವರ ಒಟ್ಟಿಗೆ ನೋಡಿದಾಗ ಗೊತ್ತಾಯ್ತು, ಪೂರ್ತಿ ಮಾತ್ರೆಗೆ ತುಂಬ ಜನಕ್ಕೆ ತಲೆ ಸುತ್ತುತ್ತೆ ಅಂತ."

ಅವನ ಕೈ ನಿಂತಿತು. "ಅದರಲ್ಲಿ ಇವಳದೂ ಇದ್ಯಾ?"

"ಇರಬಹುದು. ಹೆಸರಿಲ್ವಲ್ಲ ಯಜಮಾನ್ರೇ, ನನಗೂ ಹೇಳೋಕಾಗಲ್ಲ."

"ಹುಡುಕಿ ನೋಡಿ ತಾಯಿ. ಇಸ್ತ್ರಿಪೆಟ್ಟಿಗೆ ಅಂತ ಎಲ್ಲಾದ್ರೂ ಇದ್ರೆ ಅದು ಇವಳೇ."

"ಅಂಥ ಗುರುತನ್ನೂ ತೆಗೆದುಬಿಡ್ತಾರೆ," ಎಂದರು ಅವರು ಮೆಲ್ಲಗೆ.

ಅವಳ ಸುದ್ದಿಯೇ ಹೊರಗೆ ಹೋಗಬಾರದೆಂದು ಅಂದು ಹಟ ಹಿಡಿದಿದ್ದವನಿಗೆ ಇಂದು ಬೇರೆಯೇ ಅನ್ನಿಸಿತು. ಅಷ್ಟು ಮಾತಾಡಿದವಳ ಹೆಸರು ಒಂದು ಕಡೆಯಾದರೂ ಉಳಿಯಬಾರದಿತ್ತೇ!

ಚಿಲಕ ಬಿಟ್ಟುಕೊಂಡಿತು. ತಮ್ಮ ಮತ್ತು ಲಾಂಡ್ರಿಯವರು ಸೇರಿ ಅವಳನ್ನು ಎತ್ತಿ ಒಳಗೆ ಮಲಗಿಸಿದರು.

ಮಗಳು ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು. ಬೆಳಗಿನ ಮಾತ್ರೆ ಮರೆತಿರಬೇಕು. ಮುದುಕ ಕೈತೊಳೆದು, ನೀರು ತಂದು, ಮಾತ್ರೆಯನ್ನು ನಡುವಿನ ಗೀರಿನಲ್ಲಿ ಮುರಿದು ಅರ್ಧ ಕೊಟ್ಟ.

"ಇದು ನುಂಗಿದ್ರೆ ತಲೆ ಸುತ್ತುತ್ತಾ ಮಗಳೇ?"

"ಇಲ್ಲಪ್ಪ. ಯಾಕೆ?"

ಅವನು ಉಳಿದರ್ಧವನ್ನು ಮುಷ್ಟಿಯಲ್ಲಿ ಹಿಡಿದು ವ್ಯಾನು ಹತ್ತಿ, ಹೆಂಡತಿಯ ತಲೆಯ ಬಳಿ ಕೂತ.

"ಅವಳಿಗೆ ಸುತ್ತಲ್ವಂತೆ ಕಣೇ," ಎಂದ. ಆಮೇಲೆ, ಎಂದಿನಂತೆ, ಅವಳು ಮಾತು ಶುರುಮಾಡಲೆಂದು ಸುಮ್ಮನೆ ಕಾದ.